ಕೆಮ್ಮಿನ ಸಿರಪ್ ಲೇಬಲ್: ಒಂದೊಂದು ಸಾಲಿನ ಹಿಂದೆ ಒಂದೊಂದು ದುರಂತ

ಇವತ್ತಿನ ಮಾತು ಕೆಮ್ಮಿನ ಸಿರಪ್ ಬಗ್ಗೆ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಫಾರ್ಮಸಿ ಓದಿದವನೂ ಅಲ್ಲ. ಎಂಟೆಕ್ ಮುಗಿಸಿ, ಹೈದರಾಬಾದಿನಲ್ಲಿ ಐದು ವರ್ಷ ಇದ್ದು, ಈಗ ಪುಣೆಯ ಹಿಂಜವಡಿಯಲ್ಲಿ ಕೋಡ್ ಬರೆದುಕೊಂಡಿರುವವನು. ಈ ವಿಷಯದ ಇತಿಹಾಸ ಓದಲು ಕೂತದ್ದು ಜ್ಞಾನದ ಹಸಿವಿನಿಂದ ಅಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ.

ಮಗಳಿಗೆ ಆಗ ಎರಡೂವರೆ ವರ್ಷ. ಮಳೆಗಾಲ, ಶೀತ, ಕೆಮ್ಮು. ಹೆಂಡತಿ ಕೆಲಸದ ಮೇಲೆ ಚೆನ್ನೈಗೆ ಹೋಗಿದ್ದಳು. ದಾವಣಗೆರೆಯಿಂದ ಅಮ್ಮ ಫೋನ್ ಮಾಡಿ, "ದೊಡ್ಡಪತ್ರೆ ಎಲೆ ಬಾಡಿಸಿ ಎರಡು ಹನಿ ರಸ ಹಾಕಪ್ಪ, ಸ್ವಲ್ಪ ಜೇನು ನೆಕ್ಕಿಸು" ಅಂದ್ರು. "ಅಮ್ಮಾ, ಹನ್ನೊಂದನೇ ಮಹಡೀಲಿ ದೊಡ್ಡಪತ್ರೆ ಎಲ್ಲಿಂದ ತರ್ಲಿ" ಅಂತ ನಕ್ಕು ಫೋನ್ ಇಟ್ಟೆ. ಮನೆಯಲ್ಲಿ ಹಿಂದಿನ ಸಲದ ಶೀತದ ಔಷಧ ಅರ್ಧ ಬಾಟಲಿ ಉಳಿದಿತ್ತು. ಅದನ್ನು ಕುಡಿಸಿದೆ. ಕೆಮ್ಮು ನಿಲ್ಲಲಿಲ್ಲ. ಕೆಳಗಿನ ಮೆಡಿಕಲ್ ಶಾಪಿಗೆ ಹೋಗಿ "ಮಕ್ಕಳ ಕೆಮ್ಮಿಗೆ ಒಂದು ಸಿರಪ್ ಕೊಡಿ" ಅಂದೆ, ಕೊಟ್ಟರು. ಮುಚ್ಚಳದ ಅಳತೆ ಕಪ್ ಕಾಣಿಸಲಿಲ್ಲ, ಅಡುಗೆಮನೆಯ ಚಮಚದಲ್ಲಿ ಹಾಕಿದೆ.

ರಾತ್ರಿ ಹನ್ನೊಂದರ ಹೊತ್ತಿಗೆ ಮಗಳು ಎಷ್ಟು ಕರೆದರೂ ಏಳಲಿಲ್ಲ. ಕೆನ್ನೆ ತಟ್ಟಿದೆ, ಮುಖಕ್ಕೆ ನೀರು ಚಿಮುಕಿಸಿದೆ. ಕಣ್ಣು ಸ್ವಲ್ಪ ತೆರೆದು ಮತ್ತೆ ಮುಚ್ಚಿದಳು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಬಾಟಲಿ ತಂದಿದೀರಾ?" ಪುಣ್ಯಕ್ಕೆ ಎರಡನ್ನೂ ಜೇಬಿಗೆ ಹಾಕಿಕೊಂಡಿದ್ದೆ. ಎರಡರ ಲೇಬಲ್ ಓದಿ ಅವರು ಬೆರಳಿಟ್ಟು ತೋರಿಸಿದರು. ಎರಡರಲ್ಲೂ ಒಂದೇ ಔಷಧ, ಕ್ಲೋರ್‌ಫೆನಿರಮಿನ್. ನಿದ್ದೆ ಬರಿಸುವ ಅಲರ್ಜಿ ಔಷಧ. ಬ್ರ್ಯಾಂಡ್ ಹೆಸರು ಬೇರೆ ಬೇರೆ, ಒಳಗಿನದು ಒಂದೇ. ನಾನು ಅದನ್ನು ಎರಡು ಸಲ ಕೊಟ್ಟಿದ್ದೆ, ಅದೂ ಅಳತೆ ಇಲ್ಲದೆ.

ರಾತ್ರಿಯಿಡೀ ಅಲ್ಲೇ ಇಟ್ಟುಕೊಂಡು ನೋಡಿದರು. ಬೆಳಗ್ಗೆ ಮಗಳು ಎದ್ದು ದೋಸೆ ಕೇಳಿದಳು. ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಅತ್ತೆ. ಹೊರಡುವಾಗ ಆ ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು. "ಲೇಬಲ್ ಓದಿದ್ರಾ?" ಓದಿರಲಿಲ್ಲ. ಅಮೆಜಾನಿನಲ್ಲಿ ಚಾರ್ಜರ್ ತಗೊಳ್ಳೋಕೆ ಮುನ್ನೂರು ರಿವ್ಯೂ ಓದುವವನು, ಮಗಳ ಬಾಯಿಗೆ ಹಾಕುವ ಬಾಟಲಿಯ ನಾಲ್ಕು ಸಾಲು ಓದಿರಲಿಲ್ಲ.

ಆಮೇಲೆ ಆ ಲೇಬಲ್ಲನ್ನು ಸಾಲು ಸಾಲಾಗಿ ಓದಿದೆ, ಒಂದೊಂದು ಸಾಲು ಯಾವಾಗ ಬಂತು, ಯಾಕೆ ಬಂತು ಅಂತ ಹುಡುಕಿದೆ. ನಮ್ಮ ಕೆಲಸದಲ್ಲಿ ಹಳೇ ಕೋಡಿನಲ್ಲಿ ಒಂದು ವಿಚಿತ್ರ ಕಂಡೀಶನ್ ಕಂಡರೆ, ಹಿಂದೆ ಯಾವುದೋ ರಾತ್ರಿ ಏನೋ ಕೆಟ್ಟಿತ್ತು ಅಂತ ಅರ್ಥ, ಅಲ್ವಾ? ಈ ಲೇಬಲ್ಲೂ ಹಾಗೇ. ವ್ಯತ್ಯಾಸ ಒಂದೇ, ಇಲ್ಲಿ ಕೆಟ್ಟದ್ದು ಸರ್ವರ್ ಅಲ್ಲ, ಮನುಷ್ಯರ ಜೀವ.

ಮೊದಲ ಸಾಲು: ಒಳಗೆ ಏನಿದೆ

ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ "ಪ್ರತಿ 5 ಮಿಲಿಯಲ್ಲಿ ಇಷ್ಟಿಷ್ಟು" ಅಂತ ಪಟ್ಟಿ ಇರುತ್ತೆ. ಹತ್ತೊಂಬತ್ತನೇ ಶತಮಾನದಲ್ಲಿ ಈ ಪಟ್ಟಿಯೇ ಇರಲಿಲ್ಲ. ಅಮೆರಿಕದಲ್ಲಿ ಅಳುವ ಕೂಸುಗಳಿಗೆ ಅಂತ ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್ ಮಾರುತ್ತಿದ್ದರು. ಅದರಲ್ಲಿದ್ದದ್ದು ಮಾರ್ಫಿನ್. ಕೂಸು ಸುಮ್ಮನಾಗುತ್ತಿತ್ತು. ಕೆಲವು ಕೂಸುಗಳು ಮತ್ತೆ ಏಳುತ್ತಲೇ ಇರಲಿಲ್ಲ. ತಾಯಂದಿರಿಗೆ ಒಳಗೇನಿದೆ ಅಂತ ತಿಳಿಯುವ ದಾರಿಯೇ ಇರಲಿಲ್ಲ.

ಅಫೀಮಿಗೆ ಕೆಮ್ಮು ತಡೆಯುವ ಗುಣ ಇರುವುದು ಹಳೆಯ ಕಾಲದಿಂದ ಗೊತ್ತು. 1832ರಲ್ಲಿ ಫ್ರಾನ್ಸಿನ ಪಿಯರ್ ರೋಬಿಕೆ ಎಂಬ ರಸಾಯನಶಾಸ್ತ್ರಜ್ಞ ಅಫೀಮಿನಿಂದ ಕೋಡೀನನ್ನು ಬೇರ್ಪಡಿಸಿದ. ಮಾರ್ಫಿನ್‌ಗಿಂತ ಸೌಮ್ಯ, ಕೆಮ್ಮಿಗೆ ಒಳ್ಳೆಯದು ಅಂತ ಹೆಸರಾಯಿತು. ಇನ್ನೂ ಒಳ್ಳೆಯದು ಬೇಕು, ಚಟ ಹಿಡಿಸದೇ ಇರೋದು ಬೇಕು ಅನ್ನುವ ಹುಡುಕಾಟದಲ್ಲಿ 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಒಂದು ಹೊಸ ಕೆಮ್ಮಿನ ಔಷಧವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ಹೆರಾಯಿನ್! ತಮಾಷೆ ಅಲ್ಲ. ಹೆರಾಯಿನ್ ಅನ್ನುವುದು ಮೊದಲಿಗೆ ಒಂದು ಬ್ರ್ಯಾಂಡ್ ಹೆಸರು. ಕ್ಷಯ, ನ್ಯುಮೋನಿಯಾ ಸಾವಿರಾರು ಜನರನ್ನು ಕೊಲ್ಲುತ್ತಿದ್ದ ಕಾಲ ಅದು. ರಾತ್ರಿಯಿಡೀ ಕೆಮ್ಮುವವನಿಗೆ ಒಂದು ನಿದ್ದೆ ಸಿಕ್ಕರೆ ಅದೇ ದೊಡ್ಡದು. ಹಾಗಾಗಿ ವೈದ್ಯರೂ ಸಂತೋಷದಿಂದ ಬರೆದುಕೊಟ್ಟರು. ಇದು ಮಾರ್ಫಿನ್‌ಗಿಂತ ಹೆಚ್ಚು ಚಟ ಹಿಡಿಸುತ್ತೆ ಅಂತ ಗೊತ್ತಾಗಲು ಹೆಚ್ಚು ವರ್ಷ ಬೇಕಾಗಲಿಲ್ಲ. 1924ರಲ್ಲಿ ಅಮೆರಿಕ ಅದನ್ನು ಪೂರ್ತಿ ನಿಷೇಧಿಸಿತು.

ಈ ಮಧ್ಯೆ 1906ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಕಾಯಿದೆ ಬಂತು. ಆಲ್ಕೋಹಾಲ್, ಅಫೀಮು, ಮಾರ್ಫಿನ್, ಕೊಕೇನ್, ಹೆರಾಯಿನ್ ಇದ್ದರೆ ಲೇಬಲ್ ಮೇಲೆ ಬರೆಯಲೇಬೇಕು ಎಂದಿತು. ಗಮನಿಸಿ, ಮಾರಬೇಡಿ ಅನ್ನಲಿಲ್ಲ, ಬರೆಯಿರಿ ಅಂದಿತು ಅಷ್ಟೇ. ನಮ್ಮ ಬಾಟಲಿಯ ಹಿಂದಿನ ಪಟ್ಟಿ ಅಂಥ ಕಾಯಿದೆಗಳ ಕೂಸು.

ಅಫೀಮಿನ ಚಟ ಇಲ್ಲದ ಕೆಮ್ಮಿನ ಔಷಧ ಅಂತ ಮುಂದೆ ಬಂದದ್ದು ಡೆಕ್ಸ್ಟ್ರೋಮೆಥಾರ್ಫಾನ್. ಅಮೆರಿಕದಲ್ಲಿ 1958ರಲ್ಲಿ ಒಪ್ಪಿಗೆ ಸಿಕ್ಕಿತು. ಇವತ್ತು ಒಣಕೆಮ್ಮಿನ ಎಷ್ಟೋ ಸಿರಪ್ಪುಗಳಲ್ಲಿ ಇರುವುದು ಇದೇ. ಸರಿಯಾದ ಅಳತೆಯಲ್ಲಿ ಸಾಮಾನ್ಯವಾಗಿ ತೊಂದರೆ ಕೊಡದ ಔಷಧ. ಆದರೆ ಅಳತೆ ಮೀರಿದರೆ ಮಿದುಳಿನ ಮೇಲೆ ಬೇರೆಯೇ ಕೆಲಸ ಮಾಡುತ್ತೆ, ಭ್ರಮೆ ಹುಟ್ಟಿಸುತ್ತೆ. ಇದರ ಮಾತ್ರೆಯನ್ನು ಅಮಲಿಗಾಗಿ ನುಂಗುವವರು ಹೆಚ್ಚಿದ್ದರಿಂದ ರೋಮಿಲಾರ್ ಎಂಬ ಬ್ರ್ಯಾಂಡನ್ನು 1973ರಲ್ಲಿ ಚೀಟಿಯಿಲ್ಲದ ಮಾರಾಟದಿಂದ ಹಿಂದೆ ತೆಗೆದುಕೊಂಡರು. ಮಾರ್ಫಿನ್ ಬದಲು ಕೋಡೀನ್, ಕೋಡೀನ್ ಬದಲು ಹೆರಾಯಿನ್, ಅದರ ಬದಲು ಇದು. ಪ್ರತಿ ಸಲವೂ "ಇದು ಸೇಫ್" ಅಂತಲೇ ಹೇಳಿದ್ದು.

ಎರಡನೇ ಸಾಲು: "ಸಿರಪ್ ಬೇಸ್"

ಪಟ್ಟಿಯ ಕೊನೆಯಲ್ಲಿ "ಫ್ಲೇವರ್ಡ್ ಸಿರಪ್ ಬೇಸ್" ಅಂತ ಇರುತ್ತಲ್ಲ, ಯಾರೂ ಓದದ ಸಾಲು. ಜಗತ್ತಿನಲ್ಲಿ ಅತಿ ಹೆಚ್ಚು ಮಕ್ಕಳನ್ನು ಕೊಂದ ಸಿರಪ್ಪುಗಳಲ್ಲಿ ತಪ್ಪು ಇದ್ದದ್ದು ಔಷಧದಲ್ಲಿ ಅಲ್ಲ, ಈ ದ್ರವದಲ್ಲಿ.

1937. ಅಮೆರಿಕದ ಟೆನೆಸಿ ರಾಜ್ಯದ ಮ್ಯಾಸೆಂಗಿಲ್ ಎಂಬ ಕಂಪನಿ. ಗಂಟಲಿನ ಸೋಂಕಿಗೆ ಸಲ್ಫಾನಿಲಮೈಡ್ ಎಂಬ ಔಷಧ ಮಾತ್ರೆಯಾಗಿ, ಪುಡಿಯಾಗಿ ಚೆನ್ನಾಗಿ ಓಡುತ್ತಿತ್ತು. ಜನ ದ್ರವರೂಪದಲ್ಲಿ ಕೇಳುತ್ತಿದ್ದಾರೆ ಅಂತ ಸೇಲ್ಸ್‌ನವರು ಹೇಳಿದರು. ಕಂಪನಿಯ ಮುಖ್ಯ ಕೆಮಿಸ್ಟ್ ಅದನ್ನು ಕರಗಿಸಲು ಡೈಎಥಿಲೀನ್ ಗ್ಲೈಕಾಲ್ ಬಳಸಿದ. ಬಣ್ಣವಿಲ್ಲದ, ಮಂದವಾದ, ಸಿಹಿ ದ್ರವ. ರಾಸ್ಪ್‌ಬೆರ್ರಿ ರುಚಿ ಸೇರಿಸಿದರು. ಬಣ್ಣ, ವಾಸನೆ, ರುಚಿ ಮೂರನ್ನೂ ಪರೀಕ್ಷಿಸಿದರು. ವಿಷವೇ ಅಂತ ಮಾತ್ರ ನೋಡಲಿಲ್ಲ. ಆಗಿನ ಕಾನೂನು ಅದನ್ನು ಕೇಳುತ್ತಲೂ ಇರಲಿಲ್ಲ.

ಡೈಎಥಿಲೀನ್ ಗ್ಲೈಕಾಲ್ ಹೊಟ್ಟೆಗೆ ಹೋದರೆ ಕಿಡ್ನಿ ನಿಲ್ಲುತ್ತೆ. ಮೂತ್ರ ಕಟ್ಟುತ್ತೆ, ವಾಂತಿ, ಹೊಟ್ಟೆನೋವು, ಆಮೇಲೆ ಪ್ರಜ್ಞೆ ತಪ್ಪುತ್ತೆ. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹಳ ಮಂದಿ ಮಕ್ಕಳು. ಸರ್ಕಾರದ ಇನ್‌ಸ್ಪೆಕ್ಟರುಗಳು ಊರೂರು ಅಲೆದು, ತಯಾರಾಗಿದ್ದ 240 ಗ್ಯಾಲನ್‌ಗಳಲ್ಲಿ 234 ಗ್ಯಾಲನ್‌ಗಿಂತ ಹೆಚ್ಚನ್ನು ವಾಪಸ್ ತಂದರು. ಆ ಉಳಿದ ಆರು ಗ್ಯಾಲನ್ ಇಷ್ಟು ಜೀವ ತೆಗೆದಿತ್ತು.

ಅದಕ್ಕಿಂತ ನನ್ನನ್ನು ತಟ್ಟಿದ ಸಂಗತಿ ಇನ್ನೊಂದು. ಅದನ್ನು ಜಪ್ತಿ ಮಾಡಲು ಸರ್ಕಾರದ ಕೈಲಿದ್ದ ಕಾನೂನಿನ ಆಧಾರ ವಿಷ ಅಲ್ಲ, ಹೆಸರು. ಬಾಟಲಿಯ ಮೇಲೆ "ಎಲಿಕ್ಸಿರ್" ಅಂತ ಇತ್ತು. ಎಲಿಕ್ಸಿರ್ ಅಂದ್ರೆ ಆಲ್ಕೋಹಾಲ್ ಇರಬೇಕು, ಇದರಲ್ಲಿ ಇರಲಿಲ್ಲ. ತಪ್ಪು ಲೇಬಲ್ ಅನ್ನುವುದೊಂದೇ ಅಪರಾಧ. "ಸೊಲ್ಯೂಷನ್" ಅಂತ ಬರೆದಿದ್ದರೆ ಕೈಕಟ್ಟಿ ಕೂರಬೇಕಿತ್ತು. ಮರುವರ್ಷ, 1938ರಲ್ಲಿ, ಮಾರುವ ಮೊದಲು ಔಷಧ ಸುರಕ್ಷಿತ ಎಂದು ತೋರಿಸಬೇಕು ಅನ್ನುವ ಕಾಯಿದೆ ಅಲ್ಲಿ ಬಂತು. ನಮ್ಮಲ್ಲಿ ಔಷಧ ಕಾಯಿದೆ ಬಂದದ್ದು 1940ರಲ್ಲಿ.

ಮೂರನೇ ಸಾಲು: ಬ್ಯಾಚ್ ನಂಬರ್

ಪಾಠ 1937ರಲ್ಲೇ ಸಿಕ್ಕಿತ್ತು. ಆದರೂ ಅದೇ ದ್ರವ ನಮ್ಮ ದೇಶಕ್ಕೆ ಮತ್ತೆ ಮತ್ತೆ ಬಂತು. ಕಾರಣ ಸರಳ. ಸಿರಪ್ಪಿಗೆ ಬೇಕಾದ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಔಷಧ ದರ್ಜೆಯದಾದರೆ ದುಬಾರಿ. ಕಾರ್ಖಾನೆ ದರ್ಜೆಯದು ಅಗ್ಗ, ಅದರಲ್ಲಿ ಈ ವಿಷ ಬೆರೆತಿರಬಹುದು. ನೋಡಲು, ರುಚಿಗೆ ಎರಡೂ ಒಂದೇ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತೆ.

1972ರಲ್ಲಿ ಮದ್ರಾಸಿನಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತರು. ಅವರಿಗೆ ಕೊಟ್ಟದ್ದು ಕೆಮ್ಮಿನ ಔಷಧ ಅಲ್ಲ, ಚಿಕಿತ್ಸೆಗೆ ಬಳಸುವ ಗ್ಲಿಸರಿನ್. ಅದರೊಳಗೆ ಡೈಎಥಿಲೀನ್ ಗ್ಲೈಕಾಲ್ ಇತ್ತು. ಮುಂಬೈಯಲ್ಲಿರುವ ನಮ್ಮ ಹಿರಿಯ ಕನ್ನಡಿಗರನ್ನು ಕೇಳಿ ನೋಡಿ, "ಲೆಂಟಿನ್ ಕಮಿಷನ್" ಅಂದ ತಕ್ಷಣ ನೆನಪಾಗುತ್ತೆ. ನ್ಯಾಯಮೂರ್ತಿ ಲೆಂಟಿನ್ ಅವರ ವಿಚಾರಣೆ ಸರಬರಾಜುದಾರರಿಂದ ಹಿಡಿದು ಔಷಧ ನಿಯಂತ್ರಣ ಇಲಾಖೆಯವರೆಗೆ ಇಡೀ ಸರಪಳಿಯ ಕೊಳಕನ್ನು ಹೊರಗೆ ಹಾಕಿತು. 1998ರಲ್ಲಿ ಗುರ್‌ಗಾಂವ್‌ನಲ್ಲಿ ಕೆಮ್ಮಿನ ಸಿರಪ್ಪಿನಿಂದ 33 ಮಕ್ಕಳು ಸತ್ತರು.

2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಕಿಡ್ನಿ ಕೆಟ್ಟು ಸತ್ತಾಗ, ಹರಿಯಾಣದಲ್ಲಿ ತಯಾರಾದ ನಾಲ್ಕು ಸಿರಪ್ಪುಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಿತು. ತನ್ನ ಪರೀಕ್ಷೆಯಲ್ಲಿ ವಿಷ ಸಿಗಲಿಲ್ಲ ಅಂತ ನಮ್ಮ ಸರ್ಕಾರ ಹೇಳಿತು. ಆದರೂ 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್ಪನ್ನು ಸರ್ಕಾರ ಗೊತ್ತುಮಾಡಿದ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಪಡೆಯಲೇಬೇಕು ಅಂತ ನಿಯಮ ಬಂತು. ಒಳ್ಳೆಯದೇ. ಆದರೆ ದೇಶದೊಳಗೆ ಮಾರುವ ಸಿರಪ್ಪಿಗೆ ಅಂಥ ಸರ್ಕಾರಿ ಪ್ರಮಾಣಪತ್ರ ಕಡ್ಡಾಯ ಮಾಡಲಿಲ್ಲ, ತಯಾರಕರೇ ಪರೀಕ್ಷಿಸಿಕೊಳ್ಳಬೇಕು ಅನ್ನುವ ಹಳೇ ನಿಯಮವೇ ಉಳಿಯಿತು. ಎರಡು ವರ್ಷ ಕಳೆದು, 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ಡೈಎಥಿಲೀನ್ ಗ್ಲೈಕಾಲ್ ಇರಬಹುದಾದ ಮಿತಿ ಶೇ. 0.1. ತಮಿಳುನಾಡಿನ ಪ್ರಯೋಗಾಲಯಕ್ಕೆ ಸಿಕ್ಕದ್ದು ಶೇ. 48.6. ಅಂದ್ರೆ ಬಾಟಲಿಯ ಸುಮಾರು ಅರ್ಧ!

ಒಂದು ಬ್ಯಾಚ್ ಕೆಟ್ಟಿದೆ ಅಂತ ಸುದ್ದಿ ಬಂದಾಗ ನಿಮ್ಮ ಮನೆಯ ಬಾಟಲಿ ಅದೇ ಹೌದೋ ಅಲ್ಲವೋ ಅಂತ ಹೇಳುವುದು ಈ ಬ್ಯಾಚ್ ನಂಬರ್ ಒಂದೇ. ಬಿಲ್ ಇಲ್ಲದೆ, ಲೇಬಲ್ ಕಿತ್ತುಹೋದ ಬಾಟಲಿ ಇಟ್ಟುಕೊಂಡರೆ ಆ ಕೊನೆಯ ಎಳೆಯೂ ಕೈತಪ್ಪುತ್ತೆ.

ನಾಲ್ಕನೇ ಸಾಲು: ಕೆಂಪು ಎಚ್ಚರಿಕೆ

"ಓಟಿಸಿ" ಅಂತ ನಾವೆಲ್ಲ ಸಲೀಸಾಗಿ ಹೇಳ್ತೀವಿ. ನಮ್ಮ 1940ರ ಕಾಯಿದೆಯಲ್ಲಿ ಓಟಿಸಿ ಅನ್ನುವ ವರ್ಗವೇ ಇಲ್ಲ. ಷೆಡ್ಯೂಲ್ ಎಚ್, ಎಚ್1, ಎಕ್ಸ್ ಪಟ್ಟಿಗಳಲ್ಲಿ ಇರುವುದಕ್ಕೆ ಡಾಕ್ಟರ್ ಚೀಟಿ ಬೇಕು. ಇಲ್ಲದ್ದನ್ನು ಚೀಟಿಯಿಲ್ಲದೆ ಕೊಡಬಹುದು, ಅಷ್ಟೇ. ಅನೇಕ ಕೆಮ್ಮಿನ ಸಿರಪ್ಪುಗಳ ಲೇಬಲ್ ಮೇಲೆ ಕೆಂಪು ಚೌಕದೊಳಗೆ "ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ" ಎಂಬ ಅರ್ಥದ ಎಚ್ಚರಿಕೆ ಇದೆ. ಕೋಡೀನ್ ಇದ್ದರೆ ಅದು ಎಚ್1. ಮಾರಿದವರು ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎಂಬುದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನಿಮಗೆ ಯಾವತ್ತಾದರೂ ಯಾರಾದರೂ ಆ ರಿಜಿಸ್ಟರ್ ತೆರೆದದ್ದು ಕಂಡಿದೆಯಾ? ನನಗಂತೂ ಇಲ್ಲ.

ಇದನ್ನು ಹೇಳುವಾಗ ನನಗೆ ಹೈದರಾಬಾದಿನ ಗಚ್ಚಿಬೌಲಿಯ ಪಿಜಿ ನೆನಪಾಗುತ್ತೆ. ರೂಮ್‌ಮೇಟ್ ಹುಬ್ಬಳ್ಳಿ ಕಡೆಯವನು, ಒಳ್ಳೇ ಹುಡುಗ. ಅಮೆರಿಕ ಶಿಫ್ಟ್, ಬೆಳಗಿನ ಜಾವ ನಾಲ್ಕಕ್ಕೆ ವಾಪಸ್. ಒಮ್ಮೆ ನಿಜವಾದ ಕೆಮ್ಮಿಗೆ ಅಂತ ತಂದ ಸಿರಪ್ ಅವನಿಗೆ ನಿದ್ದೆಯನ್ನೂ ಕೊಟ್ಟಿತು. ಕೆಮ್ಮು ಹೋದ ಮೇಲೂ ಬಾಟಲಿ ಉಳಿಯಿತು. "ಲೇ, ಔಷಧನೋ ಮಾರಾಯಾ, ಎಣ್ಣೆ ಅಲ್ಲ" ಅಂತಿದ್ದ. ನಾನೂ ಹಾಗೇ ಅಂದುಕೊಂಡೆ. ಅವನು ಕುಡಿದು ಬಂದಿದ್ದರೆ ಬೈತಿದ್ದೆ, ಸಿರಪ್ ಕುಡಿದರೆ ಏನು ಅನ್ನೋದು? ಕೆಲವು ತಿಂಗಳಲ್ಲಿ ಮಂಚದ ಕೆಳಗೆ ಖಾಲಿ ಬಾಟಲಿಗಳ ಸಾಲು. ಒಂದು ದಿನ ಕುಡಿಯದಿದ್ದರೆ ಮೈಕೈ ನೋವು, ಬೆವರು, ನಡುಕ. ಕೊನೆಗೆ ಅವನ ಅಣ್ಣ ಬಂದು ಬೆಂಗಳೂರಿಗೆ ಕರೆದುಕೊಂಡು ಹೋಗಿ ಚಿಕಿತ್ಸೆ ಕೊಡಿಸಿದರು. ಈಗ ಚೆನ್ನಾಗಿದ್ದಾನೆ, ಅವನ ಒಪ್ಪಿಗೆ ಪಡೆದೇ ಇದನ್ನು ಹೇಳ್ತಿದೀನಿ.

ಆ ಸಿರಪ್ಪಿನಲ್ಲಿದ್ದದ್ದು ಕೋಡೀನ್. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲಿ ಬೆಳೆಯುವ ಗಸಗಸೆ ಗಿಡದ ಅಫೀಮಿನ ಮೂಲದ್ದು. ಲಿವರ್ ಅದನ್ನು ಸ್ವಲ್ಪ ಭಾಗ ಮಾರ್ಫಿನ್ ಆಗಿ ಬದಲಾಯಿಸುತ್ತೆ. ಹೀಗೆ ಬದಲಾಯಿಸುವ ವೇಗ ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವರಲ್ಲಿ ಎಷ್ಟು ಜೋರು ಅಂದ್ರೆ ಉಸಿರಾಟವೇ ನಿಧಾನವಾಗಿಬಿಡಬಹುದು. ಅದಕ್ಕೇ 2017ರಲ್ಲಿ ಅಮೆರಿಕದ ಎಫ್‌ಡಿಎ ಹನ್ನೆರಡು ವರ್ಷದೊಳಗಿನವರಿಗೆ ಕೋಡೀನ್ ಕೊಡಲೇಬಾರದು ಅಂತ ಹೇಳಿತು. ನಮ್ಮಲ್ಲಿ 2016ರಲ್ಲಿ ಕೇಂದ್ರ ಸರ್ಕಾರ ಕೋಡೀನ್ ಮಿಶ್ರಣಗಳೂ ಸೇರಿ 344 ಮಿಶ್ರಣ ಔಷಧಗಳನ್ನು ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು, ಅದೇ ವರ್ಷ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಮಾಡಿತು. 2023ರ ಜೂನ್‌ನಲ್ಲಿ ಮತ್ತೆ 14 ಮಿಶ್ರಣಗಳ ನಿಷೇಧ ಬಂತು, ಅದರಲ್ಲಿ ಕ್ಲೋರ್‌ಫೆನಿರಮಿನ್-ಕೋಡೀನ್ ಸಿರಪ್ಪೂ ಇತ್ತು. ಮತ್ತೆ ಕೋರ್ಟು. ಈ ಜಗ್ಗಾಟದ ಮಧ್ಯೆ ನಮ್ಮನ್ನು ಕಾಯುವುದು ಆ ಕೆಂಪು ಚೌಕ ಮತ್ತು ನಮ್ಮ ಕಣ್ಣು.

ಐದನೇ ಸಾಲು: ವಯಸ್ಸು

ಕ್ಲೋರ್‌ಫೆನಿರಮಿನ್ ಜೊತೆ ಫಿನೈಲೆಫ್ರಿನ್ ಇರುವ ಶೀತದ ಮಿಶ್ರಣದ ಲೇಬಲ್ ಮೇಲೆ ನಾಲ್ಕು ವರ್ಷದ ಕೆಳಗಿನ ಮಕ್ಕಳಿಗೆ ಬಳಸಬೇಡಿ ಅಂತ ಬರೆಯಬೇಕು ಎಂದು ನಮ್ಮ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದರು. ಛಿಂದ್ವಾಡಾದ ಸಾವುಗಳ ಮಧ್ಯೆ, 2025ರ ಅಕ್ಟೋಬರ್‌ನಲ್ಲಿ, ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧ ಬರೆಯಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡವೇ ಬೇಡ ಎಂದಿತು. ನನ್ನ ಮಗಳಿಗೆ ಎರಡೂವರೆ.

ಇನ್ನೊಂದು ವಿಷಯ ನನಗೆ ನಿಜಕ್ಕೂ ಆಶ್ಚರ್ಯ ತಂದಿತು. ಸಾಮಾನ್ಯ ಶೀತದ ಕೆಮ್ಮಿಗೆ ಈ ಸಿರಪ್ಪುಗಳು ಹೇಳಿಕೊಳ್ಳುವಷ್ಟು ಕೆಲಸ ಮಾಡುತ್ತವೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಶೀತದ ಕೆಮ್ಮು ಹೆಚ್ಚಾಗಿ ತಾನಾಗಿಯೇ ಹೋಗುತ್ತೆ. ಒಂದು ವರ್ಷ ದಾಟಿದ ಮಕ್ಕಳಿಗೆ ಜೇನು ಕೊಟ್ಟರೆ ಕೆಮ್ಮು ಸ್ವಲ್ಪ ತಗ್ಗುತ್ತೆ ಅನ್ನುವುದಕ್ಕೆ ಮಾತ್ರ ಒಂದಿಷ್ಟು ಆಧಾರ ಇದೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು, ಬಾಟುಲಿಸಂ ಎಂಬ ಅಪಾಯ ಇದೆ. ಅಂದ್ರೆ ದಾವಣಗೆರೆಯಿಂದ ಅಮ್ಮ ಫೋನಲ್ಲಿ ಹೇಳಿದ್ದರಲ್ಲಿ ಜೇನಿನ ಮಾತು ಸರಿಯಾಗಿಯೇ ಇತ್ತು. ನಕ್ಕವನು ನಾನು.

ಹಾಗಾದ್ರೆ ನಾವೇನು ಮಾಡೋಣ

ಊರಿಂದ ದೂರ ಇರುವ ನಮ್ಮಂಥವರ ಕಷ್ಟ ಏನಂದ್ರೆ, ರಾತ್ರಿ ಹತ್ತು ಗಂಟೆಗೆ ಕರೆಯಲು ಪಕ್ಕದಲ್ಲಿ ಅಜ್ಜಿ ಇಲ್ಲ, ಪರಿಚಯದ ಡಾಕ್ಟರ್ ಇಲ್ಲ. ಇರುವುದು ಹತ್ತು ನಿಮಿಷದಲ್ಲಿ ಮನೆಗೆ ಬರುವ ಆ್ಯಪ್, ಮೂಲೆಯ ಮೆಡಿಕಲ್ ಶಾಪ್. ಹಾಗಾಗಿ ನಮ್ಮ ಮನೆಯಲ್ಲಿ ಈಗ ಕೆಲವು ನಿಯಮ ಮಾಡಿಕೊಂಡಿದ್ದೀವಿ.

ಐದು ವರ್ಷದೊಳಗಿನ ಮಗುವಿಗೆ ಡಾಕ್ಟರ್ ನೋಡದೆ ಕೆಮ್ಮಿನ ಸಿರಪ್ ಇಲ್ಲ. ಹೋದ ಸಲ ಬರೆದುಕೊಟ್ಟದ್ದು ಈ ಸಲಕ್ಕೆ ಅಲ್ಲ. ಎರಡು ಔಷಧ ಕೊಡುವ ಮುಂಚೆ ಬ್ರ್ಯಾಂಡ್ ಹೆಸರು ಬಿಟ್ಟು ಒಳಗಿನ ಪಟ್ಟಿಗಳನ್ನು ಹೋಲಿಸಿ ನೋಡ್ತೀವಿ. ಒಂದೇ ಹೆಸರು ಎರಡರಲ್ಲೂ ಇದ್ದರೆ ಒಂದನ್ನು ಬದಿಗಿಡ್ತೀವಿ, ಡಾಕ್ಟರನ್ನು ಕೇಳ್ತೀವಿ. ಅಳತೆ ಕಪ್ಪಿನಲ್ಲೇ ಅಥವಾ ಸೂಜಿಯಿಲ್ಲದ ಸಿರಿಂಜಿನಲ್ಲೇ. ಟೀ ಚಮಚ 5 ಮಿಲಿ, ದೊಡ್ಡ ಚಮಚ 15 ಮಿಲಿ, ಮೂರು ಪಟ್ಟು ವ್ಯತ್ಯಾಸ. ದೊಡ್ಡವರಾದರೆ, ನಿದ್ದೆ ಬರಿಸುವ ಸಿರಪ್ ಕುಡಿದು ಗಾಡಿ ಓಡಿಸುವುದು ಬೇಡ, ಅದರ ಜೊತೆ ಮದ್ಯವಂತೂ ಬೇಡವೇ ಬೇಡ. ಬಿಲ್ ತಗೊಳ್ಳಿ, ಬಾಟಲಿಯ ಫೋಟೋ ತೆಗೆದಿಡಿ.

ಕೆಮ್ಮು ಎರಡು ವಾರ ದಾಟಿದರೆ ಕ್ಷಯದ ಪರೀಕ್ಷೆ ಮಾಡಿಸಬೇಕು ಅಂತ ನಮ್ಮ ರಾಷ್ಟ್ರೀಯ ಕಾರ್ಯಕ್ರಮವೇ ಹೇಳುತ್ತೆ. ಸಿರಪ್ ಕುಡಿದುಕೊಂಡು ದಿನ ದೂಡಬೇಡಿ. ಉಸಿರಾಟಕ್ಕೆ ಕಷ್ಟ, ಕಫದಲ್ಲಿ ರಕ್ತ ಇದ್ದರೆ ಎರಡು ವಾರವೂ ಕಾಯಬಾರದು. ಯಾವುದೇ ಸಿರಪ್ ಕೊಟ್ಟ ಮೇಲೆ ಮಗು ಎಬ್ಬಿಸಿದರೂ ಏಳದಿದ್ದರೆ, ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ತಕ್ಷಣ ಆಸ್ಪತ್ರೆ, 108. ಬಾಟಲಿ ಜೊತೆಗೇ ಇರಲಿ.

ಇನ್ನೊಂದು ಮಾತು ಪಿಜಿಯಲ್ಲಿ, ಫ್ಲಾಟಿನಲ್ಲಿ ಒಂಟಿಯಾಗಿ ಇರುವ ಗೆಳೆಯರಿಗೆ. ಕೆಮ್ಮಿಲ್ಲದೆ ಸಿರಪ್ ಬೇಕು ಅನ್ನಿಸುತ್ತಿದ್ದರೆ, ಅದಿಲ್ಲದೆ ನಿದ್ದೆ ಬರದಿದ್ದರೆ, ಅದು ಕೆಟ್ಟ ನಡತೆ ಅಲ್ಲ, ಕಾಯಿಲೆ. ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಊರಿನಿಂದ ಬೇಕಾದರೂ ಕರೆ ಮಾಡಬಹುದು. ನಿಮ್ಮ ರೂಮ್‌ಮೇಟ್ ಹಾಗಿದ್ದರೆ, ನನ್ನ ಹಾಗೆ ಸುಮ್ಮನೆ ಇರಬೇಡಿ, ಒಂದು ಸಲ ಕೇಳಿ.

ಮಗಳಿಗೆ ಈಗ ಮೂರು ದಾಟಿದೆ. ಬಾಲ್ಕನಿಯಲ್ಲಿ ಒಂದು ದೊಡ್ಡಪತ್ರೆ ಕುಂಡ ಇದೆ, ಅಮ್ಮ ಹೋದ ಸಲ ಬಂದಾಗ ಬಸ್ಸಿನಲ್ಲಿ ಕೊಂಬೆ ತಂದು ನೆಟ್ಟದ್ದು. ಫ್ರಿಜ್ಜಿನ ಬಾಗಿಲಿಗೆ ಅಳತೆಯ ಸಿರಿಂಜೊಂದನ್ನು ದಾರದಲ್ಲಿ ಕಟ್ಟಿದ್ದೀನಿ. ನಿಮ್ಮ ಮನೆಯ ಔಷಧದ ಡಬ್ಬಿಯನ್ನು ಇವತ್ತು ರಾತ್ರಿ ಒಂದು ಸಲ ತೆರೆದು ಲೇಬಲ್ ಓದಿ. ಹತ್ತು ನಿಮಿಷ ಸಾಕು. ಮುಂದಿನ ವಾರ ಸಿಗೋಣ, ನಮಸ್ಕಾರ.